ಆ ಕೋವಿ ಯಾವುದು ಅಂತ ಕೇಳಿದ್ದಕ್ಕೆ ನಾಲ್ಕು ತಿಂಗಳು

"ಅದು ಬ್ರೌನ್ ಬೆಸ್ ಕಣೋ," ಅಂದೆ.

ಪರದೆಯ ಮೇಲೆ ಕೆಂಪು ಕೋಟಿನ ಸಿಪಾಯಿಗಳು ಸಾಲಾಗಿ ನಿಂತು ಗುಂಡು ಹಾರಿಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಗೆಳೆಯ ಸಿನಿಮಾ ಸಂಕಲನಕಾರ. ಯಾವುದನ್ನೂ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಹೇಗೆ ಗೊತ್ತು?" ಅಂದ.

"ಬ್ರಿಟಿಷರು, 1777, ಅಮೆರಿಕದ ಸ್ವಾತಂತ್ರ್ಯ ಯುದ್ಧ. ಅವರ ಸಿಪಾಯಿಗಳ ಕೋವಿ ಅದೇ, ಇನ್ನೇನಿರುತ್ತೆ?"

"ಅದು ಇತಿಹಾಸ ಆಯ್ತು. ಆ ಮನುಷ್ಯನ ಕೈಲಿರೋದು ಏನು ಅಂತ ನಾನು ಕೇಳಿದ್ದು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರದಲ್ಲಿ ಹೇಳ್ತೀನಿ ಅಂದೆ. ಹಿಡಿದದ್ದು ನಾಲ್ಕು ತಿಂಗಳು. ಇದೇ ಹುಚ್ಚು ಹಿಡಿದ ಬೇರೆಯವರಿಗೆ ಒಂದು ತಿಂಗಳಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸಿನಿಮಾದ ಹೆಸರು ಹೇಳುವುದಿಲ್ಲ. 1980ರ ದಶಕದ ಆರಂಭದ್ದು ಅನ್ನುವಷ್ಟು ಸಾಕು.

ಮೊದಲ ವಾರ ಪೂರ್ತಿ ದಂಡ. ಆನ್‌ಲೈನ್‌ನಲ್ಲಿ ಸಿನಿಮಾ ಹಾಕಿ, ಗುಂಡು ಹಾರುವ ಕ್ಷಣಗಳಲ್ಲಿ ನಿಲ್ಲಿಸಿ, ಚಿತ್ರ ತೆಗೆದುಕೊಂಡೆ. ನೂರಕ್ಕೂ ಹೆಚ್ಚು ಚಿತ್ರಗಳಾದವು. ಎಲ್ಲದರಲ್ಲೂ ಹೊಗೆ, ಇಲ್ಲವೇ ಕಂದು ಬಣ್ಣದ ಒಂದು ಕಲೆ. ಕೊನೆಗೆ ಡಿಸ್ಕನ್ನೇ ಕೊಂಡೆ. ಅದು ಬರಲು ಹನ್ನೊಂದು ದಿನ. ಖರ್ಚಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ: ಈ ಡಿಸ್ಕು ಮತ್ತು ಎರಡು ಹಳೆಯ ಪುಸ್ತಕ, ಅಷ್ಟೇ. ಎರಡರಲ್ಲಿ ಒಂದು ಪುಸ್ತಕ ಬೇಕಿರಲಿಲ್ಲ. ಉಳಿದದ್ದೆಲ್ಲ ಖರ್ಚಾದದ್ದು ನಿದ್ದೆ.

ಆ ಯುದ್ಧದ ದೃಶ್ಯ 41 ಸೆಕೆಂಡಿನದು. ಸೆಕೆಂಡಿಗೆ 24 ಫ್ರೇಮ್, ಅಂದರೆ 984 ಫ್ರೇಮ್. ಒಂದೊಂದಾಗಿ ನೋಡಿದೆ. ಇಲ್ಲಿ ಕಲಿತ ಮೊದಲ ಪಾಠ ಇದು: ಗುಂಡು ಹಾರುವಾಗ ಕೋವಿ ನೋಡಬೇಡಿ. ಸಿಪಾಯಿ ಸುಮ್ನೆ ನಿಂತಿರುವಾಗ ನೋಡಿ. ಕ್ಯಾಪ್ಟನ್ ಭಾಷಣ ಬಿಗಿಯುತ್ತಿರುತ್ತಾನೆ, ಹಿಂದೆ ಆರು ಜನ ಕೋವಿ ಹಿಡಿದು ಬೇಸರದಲ್ಲಿ ನಿಂತಿರುತ್ತಾರೆ. ನಮಗೆ ಬೇಕಾದದ್ದು ಆ ಬೇಸರದ ಆರು ಜನ. ಇನ್ನೊಂದು ಒಳ್ಳೆಯ ಜಾಗ, ಮದ್ದು ಗಿಡಿಯುವ ಹೊತ್ತು. ಆಗ ನಳಿಗೆ ನೆಟ್ಟಗೆ ನಿಂತಿರುತ್ತದೆ, ಗಜ, ಅಂದರೆ ಮದ್ದು ಗಿಡಿಯುವ ಉದ್ದನೆ ಕಡ್ಡಿ, ಹೊರಗೆ ಬಂದಿರುತ್ತದೆ, ಕೋವಿಯ ಮುಂಭಾಗವೆಲ್ಲ ಬೆಳಕಿಗೆ ಬೀಳುತ್ತದೆ.

ಏನನ್ನು ನೋಡಬೇಕು ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಮಾತಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಅಂತ ಇದ್ದೇ ಇದೆಯಲ್ಲ, ಅರ್ಧ ಕೆಲಸ ಅಷ್ಟರಲ್ಲೇ ಆಗುತ್ತದೆ. ಕುದುರೆಯ (ಕೋವಿ ಹಾರಿಸುವಾಗ ಬಂದು ಬಡಿಯುವ ಭಾಗ) ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಕೊಂಡಿದ್ದು, ಅದರೆದುರು ಉಕ್ಕಿನ ತಗಡೊಂದು ನಿಂತಿದ್ದರೆ ಅದು ಫ್ಲಿಂಟ್‌ಲಾಕ್. ಕಲ್ಲಿಲ್ಲದೆ ಸುತ್ತಿಗೆಯಂಥ ಕುದುರೆ ಮಾತ್ರ ಇದ್ದರೆ ಕೇಪಿನದು. ಕೇಪು ಅಂದರೆ ಬಡಿದರೆ ಹೊತ್ತಿಕೊಳ್ಳುವ ಪುಟ್ಟ ಲೋಹದ ಟೋಪಿ. ಕೇಪಿನ ತಂತ್ರಕ್ಕೆ ದಾರಿ ಮಾಡಿದ್ದು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಆತ ಪೇಟೆಂಟ್ ಪಡೆದದ್ದು 1807ರಲ್ಲಿ. ಸೈನ್ಯಗಳು ಕೇಪಿಗೆ ಬದಲಾಗಿದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ. ಹಾಗಾಗಿ ನೆಪೋಲಿಯನ್ ಕಾಲದ ಸಿನಿಮಾದಲ್ಲಿ ಸಿಪಾಯಿ ಕೇಪು ಕೂರಿಸುತ್ತಿದ್ದರೆ ಅದು ಯಾರದೋ ಎಡವಟ್ಟು.

ಎರಡನೆಯ ಗುರುತು ಬಳೆ. ನಳಿಗೆಯನ್ನು ಮರಕ್ಕೆ ಕಟ್ಟಿಹಾಕುವ ಲೋಹದ ಬಳೆಗಳು. ಫ್ರೆಂಚರ ಶಾರ್ಲ್‌ವಿಲ್ ಮಸ್ಕೆಟ್ಟಿಗೆ (ನಳಿಗೆಯ ಬಾಯಿಂದ ಮದ್ದು ತುಂಬುವ ಉದ್ದ ಕೋವಿ) ಮೂರು ಬಳೆ, ದೂರದಿಂದಲೇ ಫಳಫಳ ಹೊಳೆಯುತ್ತವೆ. ಬ್ರೌನ್ ಬೆಸ್ಸಿಗೆ ಬಳೆಯೇ ಇಲ್ಲ. ಅದರ ನಳಿಗೆಯನ್ನು ಮರದೊಳಗೆ ಸಣ್ಣ ಮೊಳೆಗಳಿಂದ ಕೂರಿಸಿರುತ್ತಾರೆ, ಹೊರಗಿನಿಂದ ನೋಡಿದರೆ ನುಣ್ಣಗೆ ಉದ್ದಕ್ಕೆ ಮರ. ಹೊಗೆಯಲ್ಲೂ, ಮಸುಕಿನಲ್ಲೂ ಕೈಕೊಡದ ಗುರುತು ಇದೊಂದೇ. ಬಣ್ಣ ನಂಬಬೇಡಿ. ಸಂಜೆಯ ಬೆಳಕಿನಲ್ಲಿ ಹಿತ್ತಾಳೆ, ಕಬ್ಬಿಣ ಎರಡೂ ಒಂದೇ.

ನನ್ನ ಮುಂದಿನ ಸಾಲಿನ ಸಿಪಾಯಿಗಳ ಕೋವಿಗೆ ಬಳೆ ಇರಲಿಲ್ಲ. ಗೆದ್ದೆ ಅಂದುಕೊಂಡೆ. ಎದುರು ಸಾಲಿನ ಅಮೆರಿಕನ್ನರ ಕೈಲಿ ಮೂರು ಬಳೆಯ ಶಾರ್ಲ್‌ವಿಲ್. ಇದೂ ಸರಿಯೇ. ಬೋಮಾರ್ಶೆ ಅನ್ನುವ ಫ್ರೆಂಚ್ ನಾಟಕಕಾರ ವ್ಯಾಪಾರದ ಕಂಪನಿಯ ಸೋಗಿನಲ್ಲಿ ಕಳಿಸಿದ ಕೋವಿಗಳು ಅಮೆರಿಕ ತಲುಪಿದ್ದು 1777ರಲ್ಲೇ. ಕಥೆ ನಡೆಯುವುದು ಅದೇ ವರ್ಷದ ಕೊನೆಯ ಭಾಗದಲ್ಲಿ. ನಾಟಕ ಬರೆಯುವವನೊಬ್ಬ ಯುದ್ಧಕ್ಕೆ ಕೋವಿ ಸಾಗಿಸಿದ ಕಥೆ ಓದುತ್ತಾ ಒಂದು ಸಂಜೆ ಹೋಯಿತು. ಕೆಲಸಕ್ಕೆ ಬೇಕಿರಲಿಲ್ಲ, ಆದರೂ ಓದಿದೆ.

ಮೂರನೆಯ ವಾರ ಕೊಳವೆ ಎಣಿಸಿದೆ. ನಳಿಗೆಯ ಕೆಳಗೆ ಗಜ ತೂರಿಸಿಡಲು ಪುಟ್ಟ ಹಿತ್ತಾಳೆ ಕೊಳವೆಗಳಿರುತ್ತವೆ. ಬ್ರೌನ್ ಬೆಸ್ ಅನ್ನುವುದು ಒಂದೇ ಕೋವಿಯ ಹೆಸರಲ್ಲ, ಒಂದು ಇಡೀ ಮನೆತನದ ಹೆಸರು. ಲಾಂಗ್ ಲ್ಯಾಂಡ್‌ನ ನಳಿಗೆ 46 ಇಂಚು, ಶಾರ್ಟ್ ಲ್ಯಾಂಡ್‌ನದು 42. ಇವೆರಡಕ್ಕೂ ನಾಲ್ಕು ಕೊಳವೆ. ಆಮೇಲೆ ಬಂದ ಇಂಡಿಯಾ ಪ್ಯಾಟರ್ನ್ 39 ಇಂಚು, ಅದಕ್ಕೆ ಮೂರೇ ಕೊಳವೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಅಂತ ಮಾಡಿಸಿಕೊಂಡದ್ದು, ಅದಕ್ಕೇ ಆ ಹೆಸರು. ಫ್ರಾನ್ಸಿನ ಜೊತೆ ಯುದ್ಧ ಬಿದ್ದು ಕೋವಿಗೆ ತತ್ವಾರವಾದಾಗ ಬ್ರಿಟಿಷ್ ಸೈನ್ಯವೂ 1797ರಲ್ಲಿ ಅದನ್ನೇ ತೆಗೆದುಕೊಂಡಿತು.

ನನ್ನ ಸಿಪಾಯಿಯ ಕೋವಿಗೆ ಮೂರು ಕೊಳವೆ.

ರಾತ್ರಿ ಒಂದೂವರೆಗೆ ಗೆಳೆಯನಿಗೆ ಸಂದೇಶ ಕಳಿಸಿದೆ: "ತಪ್ಪು ಸಿಕ್ತು! ಇಪ್ಪತ್ತು ವರ್ಷ ಆಮೇಲೆ ಬಂದ ಕೋವಿ!" ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಸಂತೋಷವೇ ಬೇರೆ. ಬೆಳಿಗ್ಗೆ ಅವನ ಉತ್ತರ ಬಂತು. "ಅದರ ಮುಂದಿನ ಶಾಟ್ ನೋಡಿದ್ಯಾ?"

ನೋಡಿದೆ. ಅದೇ ಸಿಪಾಯಿ, ಅದೇ ಜಾಗ, ಕೋವಿಗೆ ನಾಲ್ಕು ಕೊಳವೆ.

ಇಲ್ಲಿಂದ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಅಲ್ಲಿಯವರೆಗೆ ನಾನು ಒಬ್ಬೊಬ್ಬ ಸಿಪಾಯಿಗೆ ಒಂದೊಂದು ಕೋವಿ ಅಂತ ಬರೆದುಕೊಳ್ಳುತ್ತಿದ್ದೆ. ಸಿನಿಮಾದಲ್ಲಿ ಹಾಗಿರುವುದಿಲ್ಲ. ಹತ್ತಿರದ ಶಾಟ್‌ಗೆ ಚೆನ್ನಾಗಿ ಕಾಣುವ ಕೋವಿ, ದೂರದ್ದಕ್ಕೆ ಯಾವುದೋ ಒಂದು, ಬಿದ್ದು ಹೊರಳಾಡುವ ದೃಶ್ಯಕ್ಕೆ ರಬ್ಬರಿನದು. ಗುಂಡು ಹಾರಿಸಲು ಒಂದು, ಹಿಡಿದು ಓಡಲು ಇನ್ನೊಂದು. ಹಾಗಾಗಿ ನೀವು ಪಟ್ಟಿ ಮಾಡುವಾಗ ಮನುಷ್ಯನ ಲೆಕ್ಕದಲ್ಲಿ ಮಾಡಬೇಡಿ, ಶಾಟ್ ಲೆಕ್ಕದಲ್ಲಿ ಮಾಡಿ. ಪ್ರತಿ ಸಾಲಿಗೂ ಸಿನಿಮಾದ ನಿಮಿಷ, ಸೆಕೆಂಡ್ ಬರೆಯಿರಿ. ನಾನು ಬರೆದಿರಲಿಲ್ಲ. ಮೂರು ವಾರದ ಟಿಪ್ಪಣಿ ಹರಿದು ಹಾಕಿ ಮೊದಲಿನಿಂದ ಶುರು ಮಾಡಿದೆ.

ಆಮೇಲೆ ಬಂತು ಎಡಗೈ ಕೋವಿ. ಇದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಹನ್ನೆರಡನೆಯ ಶಾಟ್‌ನಲ್ಲಿ ಒಬ್ಬ ಸಿಪಾಯಿಯ ಕೋವಿಗೆ ಲಾಕ್, ಅಂದರೆ ಕುದುರೆ ಕೂತಿರುವ ಯಂತ್ರಭಾಗ, ಎಡಗಡೆ ಇತ್ತು. ಸೈನ್ಯದ ಮಸ್ಕೆಟ್ಟುಗಳಿಗೆ ಲಾಕ್ ಇರುವುದು ಬಲಗಡೆ, ನೀವು ಎಡಚರಾಗಿದ್ದರೂ ಬಲಗಡೆಯಿಂದಲೇ ಹಾರಿಸಬೇಕು. ಇದು ಮಾತ್ರ ಎಡಕ್ಕೆ. ಅಪರೂಪದ್ದೇನೋ ಸಿಕ್ಕಿಬಿಟ್ಟಿತು ಅಂದುಕೊಂಡೆ. ಹತ್ತು ದಿನ ಎಡಗೈ ಕೋವಿಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಒಂದು ಮ್ಯೂಸಿಯಮ್ಮಿಗೆ ಉದ್ದದ ಪತ್ರ ಬರೆದು, ಪುಣ್ಯಕ್ಕೆ ಕಳಿಸುವ ಮೊದಲು ಗೆಳೆಯನಿಗೆ ತೋರಿಸಿದೆ. ಅವನು ಚಿತ್ರದ ಮೇಲೆ ಒಂದು ಬೆರಳಿಟ್ಟ. ಕೋವಿಯ ಮೇಲಲ್ಲ, ಕೋಟಿನ ಮೇಲೆ.

"ಗುಂಡಿ ಯಾವ ಕಡೆ ಇದೆ?"

ಎಡಗಡೆ. ಬೇರೆ ಶಾಟ್‌ಗಳಲ್ಲೆಲ್ಲ ಬಲಗಡೆ ಇದ್ದದ್ದು.

"ಫ್ಲಿಪ್ ಮಾಡಿದ್ದಾರೆ ಕಣೋ. ಹಿಂದಿನ ಶಾಟ್‌ನಲ್ಲಿ ಸೈನ್ಯ ಎಡಕ್ಕೆ ಹೋಗ್ತಿದೆ, ಇದರಲ್ಲಿ ಬಲಕ್ಕೆ ಹೋದ್ರೆ ನೋಡೋರಿಗೆ ಗೊಂದಲ. ಕನ್ನಡಿ ತರ ತಿರುಗಿಸಿ ಜೋಡಿಸಿದ್ದಾರೆ. ನಾನೇ ಎಷ್ಟೋ ಸಲ ಮಾಡಿದೀನಿ."

ಹತ್ತು ದಿನ! ಲಾಕ್ ಎಡಕ್ಕೆ ಕಂಡರೆ ಮೊದಲು ಗುಂಡಿ ನೋಡಿ, ಕತ್ತಿ ಯಾವ ಸೊಂಟದಲ್ಲಿದೆ ನೋಡಿ. ಆಮೇಲೆ ಬೇಕಾದರೆ ಖುಷಿಪಡಿ.

ಎರಡನೆಯ ತಿಂಗಳ ಕೊನೆಯಲ್ಲಿ ಹಿಂದಿನ ಸಾಲಿಗೆ ಬಂದೆ. ಅಸಲಿ ಫ್ಲಿಂಟ್‌ಲಾಕ್ ಹಾರುವಾಗ ಎರಡು ಹೊಗೆ ಬರುತ್ತದೆ. ಕುದುರೆ ಬಿದ್ದು ಕಲ್ಲು ಉಕ್ಕಿಗೆ ಬಡಿದಾಗ ಕಿಡಿ ಹಾರಿ, ಲಾಕ್ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭಗ್ಗನೆ ಹೊತ್ತುತ್ತದೆ. ಅದು ಮೊದಲ ಹೊಗೆ, ಸಿಪಾಯಿಯ ಕೆನ್ನೆಯ ಹತ್ತಿರವೇ. ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಿ ನಳಿಗೆಯ ಮದ್ದು ಹೊತ್ತಿಸಿದ ಮೇಲೆ ತುದಿಯಲ್ಲಿ ಎರಡನೆಯದು. ಫ್ರೇಮ್ ಫ್ರೇಮ್ ಆಗಿ ನೋಡಿದರೆ ಎರಡರ ನಡುವಿನ ಅಂತರ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಹಾಗೇ ಇತ್ತು. ಹಿಂದಿನ ಸಾಲಿನಲ್ಲಿ ಕುದುರೆಯೂ ಇದೆ, ಕಲ್ಲಿನಂತೆ ಏನೋ ಇದೆ, ಉಕ್ಕಿನ ತಗಡೂ ಇದೆ. ಆದರೆ ಕೆನ್ನೆಯ ಹತ್ತಿರ ಹೊಗೆ ಇಲ್ಲ. ತುದಿಯಲ್ಲಿ ಮಾತ್ರ.

ಒಂದೇ ಒಂದು ಫ್ರೇಮ್‌ನಲ್ಲಿ, ಒಬ್ಬ ಸಿಪಾಯಿ ಕೋವಿ ಇಳಿಸಿ ತುಸು ಓರೆ ಮಾಡಿದಾಗ, ಲಾಕ್ ಮೇಲೆ ನಳಿಗೆಯ ಬುಡದಲ್ಲಿ ಒಂದು ಕೀಲು ಕಂಡಿತು. ಡಬ್ಬಿಯ ಮುಚ್ಚಳಕ್ಕಿರುತ್ತದಲ್ಲ, ಅಂಥದ್ದು. ಅದರ ಮುಂದೆ ಗುರಿ ಹಿಡಿಯುವ ಹಿಂಬದಿಯ ಸೈಟು. ಬ್ರೌನ್ ಬೆಸ್ಸಿಗೆ ಹಿಂಬದಿ ಸೈಟೇ ಇಲ್ಲ. ಬಳೆ ಎಣಿಸಿದೆ. ಎರಡು.

ಅದು ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್, 1873ರ ಮಾದರಿ. ತೋಟಾ ಕೋವಿ! ಕಥೆಯ ಕಾಲಕ್ಕಿಂತ 96 ವರ್ಷ ಆಮೇಲಿನದು. ಬುಡದ ಮುಚ್ಚಳ ಎತ್ತಿ ತೋಟಾ ಹಾಕಿ ಮುಚ್ಚುವುದು, ಅದಕ್ಕೇ ಟ್ರ್ಯಾಪ್‌ಡೋರ್. ಹಾಲಿವುಡ್ಡಿನಲ್ಲಿ ಇದು ಹಳೆಯ ಉಪಾಯವಂತೆ. ಅಮೆರಿಕದ ಸೈನ್ಯ ಈ ಕೋವಿಗಳನ್ನು ಬಿಟ್ಟ ಮೇಲೆ ಅವು ರಾಶಿ ರಾಶಿಯಾಗಿ ಅಗ್ಗಕ್ಕೆ ಸಿಗುತ್ತಿದ್ದವು. ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್‌ಮನ್ ಅನ್ನುವ ವ್ಯಾಪಾರಿ ಹೀಗೆ ಸೈನ್ಯ ಬಿಟ್ಟ ಸಾಮಾನು ಕೊಂಡು ಮಾರಿಯೇ ಹಡ್ಸನ್ ನದಿಯ ದ್ವೀಪವೊಂದರಲ್ಲಿ ಕೋಟೆಯಂಥ ಗೋದಾಮು ಕಟ್ಟಿಸಿದ. ಸಿನಿಮಾದವರು ಟ್ರ್ಯಾಪ್‌ಡೋರ್‌ನ ಕುದುರೆಗೆ ಕಲ್ಲಿನ ವೇಷ ಹಾಕಿ, ಲಾಕ್ ಮೇಲೆ ಸುಳ್ಳು ತಗಡೊಂದನ್ನು ಸ್ಕ್ರೂ ಮಾಡಿದರೆ ದೂರಕ್ಕೆ ಫ್ಲಿಂಟ್‌ಲಾಕ್. ಮದ್ದು ಮಾತ್ರ ಇದ್ದು ಗುಂಡಿಲ್ಲದ ತೋಟಾ ಹಾಕಿದರೆ ಮುಗಿಯಿತು. ಮದ್ದು ಅಳೆಯುವುದು, ಗಿಡಿಯುವುದು, ಬಟ್ಟಲಿಗೆ ಸುರಿಯುವುದು ಏನೂ ಇಲ್ಲ. ಮಳೆ ಹನಿದರೂ ಹಾರುತ್ತದೆ. ಪಳಗಿದ ಸಿಪಾಯಿಯೇ ಮಸ್ಕೆಟ್ಟಿನಿಂದ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು. ಬೆಳಿಗ್ಗೆ ಕರೆತಂದ ನೂರಾರು ಜೂನಿಯರ್ ಕಲಾವಿದರಿಗೆ ಅದನ್ನು ಕಲಿಸುವುದು ಯಾರು?

ಮೊದಲು ಮೋಸ ಹೋದೆ ಅನ್ನಿಸಿತು. ಆಮೇಲೆ ನಗು ಬಂತು. ಆಮೇಲೆ ಆ ಸ್ಕ್ರೂ ಕೂರಿಸಿದವನ ಮೇಲೆ ಒಂಥರಾ ಗೌರವ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಕೆಲಸ ಮಾಡಿದ್ದಾನಲ್ಲ!

ಇಷ್ಟಾದ ಮೇಲೆ ದಾಖಲೆ ಹುಡುಕಲು ಹೊರಟೆ. ಸಿನಿಮಾದ ಕೊನೆಯ ಹೆಸರುಗಳ ಸಾಲಿನಲ್ಲಿ 'ಆರ್ಮರರ್', ಅಂದರೆ ಆಯುಧಗಳ ಉಸ್ತುವಾರಿ, ಅಂತ ಒಂದು ಹೆಸರು, ಆಯುಧ ಬಾಡಿಗೆಗೆ ಕೊಟ್ಟ ಸಂಸ್ಥೆಯ ಹೆಸರು ಇರುತ್ತದೆ. ಅಲ್ಲಿಂದ ಶುರು ಮಾಡಿ. ಸಂಸ್ಥೆಗೆ ಮೂರು ಸಲ ಬರೆದೆ. ಉತ್ತರ ಇಲ್ಲ. ನಾಲ್ಕನೆಯ ಸಲ ಒಂದು ಸಾಲು ಬಂತು, ಹಳೆಯ ಕಡತ ಹೊರಗಿನವರಿಗೆ ಕೊಡುವುದಿಲ್ಲ ಅಂತ. ಮ್ಯೂಸಿಯಮ್ಮಿಗೂ ಈ ಸಲ ಹೊಸದಾಗಿ ಬರೆದು ಕಳಿಸಿದೆ. ಅವರು 23 ದಿನ ಬಿಟ್ಟು ಬರೆದರು, ಆದರೆ ಎಷ್ಟು ಚಂದ ಬರೆದರು! ಚಲನಚಿತ್ರದ ಚಿತ್ರ ನೋಡಿ ಇದೇ ಅಂತ ಹೇಳಲಾಗದು, ಇಂಥದ್ದನ್ನು ಹೋಲುತ್ತದೆ ಅನ್ನಬಹುದಷ್ಟೇ ಅಂದರು. ಇನ್ನೊಮ್ಮೆ ಯಾರನ್ನಾದರೂ ಕೇಳುವುದಾದರೆ ಮೂರು ಚಿತ್ರ ಕಳಿಸಿ ಅಂತಲೂ ಹೇಳಿದರು: ಲಾಕ್ ಇರುವ ಮಗ್ಗುಲು ಹತ್ತಿರದಿಂದ, ಕೋವಿ ಬುಡದಿಂದ ತುದಿಯವರೆಗೆ ಪೂರ್ತಿ, ಮತ್ತು ನಳಿಗೆಯ ತುದಿ. ನಾನು ಕಳಿಸಿದ್ದು 64 ಚಿತ್ರ. ಪಾಪ.

ನೀವಾಗಿಯೇ ಹೋಲಿಸಿ ನೋಡುವುದಕ್ಕೆ ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂ ತನ್ನ ಸಂಗ್ರಹವನ್ನು ಚಿತ್ರ ಸಮೇತ ಆನ್‌ಲೈನ್‌ನಲ್ಲಿ ಇಟ್ಟಿದೆ. ನಾನು ಮೊದಲು ಅದನ್ನು ಬಿಟ್ಟು, ಯುದ್ಧದ ಸಿನಿಮಾದ ಅಭಿಮಾನಿಗಳು ಮಾಡಿದ ಪಟ್ಟಿಗಳನ್ನು ನಂಬಿದೆ. ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ. ಒಂದೇ ಕಾಗುಣಿತದ ತಪ್ಪು ಐದು ಪಟ್ಟಿಯಲ್ಲಿ ಸಿಕ್ಕಿತು.

ದಾಖಲೆ ಬಂದದ್ದು ನಿರೀಕ್ಷೆ ಇಲ್ಲದ ಕಡೆಯಿಂದ. ಆ ಚಿತ್ರದಲ್ಲಿ ಆಯುಧ ವಿಭಾಗದ ಸಹಾಯಕರಾಗಿದ್ದ ಹಿರಿಯರೊಬ್ಬರು ಪರಿಚಯದವರ ಪರಿಚಯದಿಂದ ಸಿಕ್ಕರು. ಅವರ ಹತ್ತಿರ ಎರಡು ಹಾಳೆಯ ಪಟ್ಟಿ ಉಳಿದಿತ್ತು. ಟೈಪ್ ಮಾಡಿದ್ದು, ಮೂಲೆಯಲ್ಲಿ ಚಹಾದ ಬಳೆ ಗುರುತು. ಅದರಲ್ಲಿ ಬ್ರೌನ್ ಬೆಸ್ ಅನ್ನುವ ಪದವೇ ಇರಲಿಲ್ಲ! 'ಮಸ್ಕೆಟ್, ಬ್ರಿಟಿಷ್, ಹಾರುವುದು', 'ಮಸ್ಕೆಟ್, ಬ್ರಿಟಿಷ್, ಹಾರದ್ದು', 'ಟ್ರ್ಯಾಪ್, ಕಲ್ಲು', 'ರಬ್ಬರ್'. ಅಷ್ಟೇ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಂಖ್ಯೆಗಳು, ಸಂಜೆ ವಾಪಸ್ ಬಂದದ್ದಕ್ಕೆ ಟಿಕ್ಕು. ನಾನು ತಿಂಗಳುಗಟ್ಟಲೆ ಶಾರ್ಟ್ ಲ್ಯಾಂಡೋ ಇಂಡಿಯಾ ಪ್ಯಾಟರ್ನೋ ಅಂತ ಒದ್ದಾಡಿದ್ದೆ. ಅವರಿಗೆ ಬೇಕಿದ್ದದ್ದು ಒಂದೇ: ಹಾರುತ್ತಾ, ಇಲ್ವಾ? ಆ ಹಾಳೆ ನೋಡಿದ ಮೇಲೆ ನನ್ನ ಪಟ್ಟಿಗೆ ಮೂರು ಕಾಲಮ್ ಹಾಕಿದೆ. ಕಥೆಯ ಪ್ರಕಾರ ಯಾವ ಕೋವಿ, ನೋಡಲು ಯಾವುದರಂತಿದೆ, ನಿಜಕ್ಕೂ ಯಾವುದು. ನಾನು ಅಲ್ಲಿಯವರೆಗೆ ಮೂರನ್ನೂ ಒಂದೇ ಕಾಲಮ್ಮಿಗೆ ತುರುಕುತ್ತಿದ್ದೆ, ಅದಕ್ಕೇ ಯಾವುದೂ ಹೊಂದುತ್ತಿರಲಿಲ್ಲ.

ಮೂರನೆಯ ಕಾಲಮ್ಮಿಗೆ ಪ್ರಚಾರಕ್ಕೆ ಅಂತ ತೆಗೆದ ಸ್ಥಿರಚಿತ್ರಗಳು ಬೇಕು. ಸಿನಿಮಾದ ಫ್ರೇಮಿಗಿಂತ ಎಷ್ಟೋ ಪಾಲು ಸ್ಪಷ್ಟ ಇರುತ್ತವೆ. ಒಂದರಲ್ಲಿ ನಾಯಕ ಮಂಡಿಯೂರಿ ಗುರಿ ಹಿಡಿದಿದ್ದ, ಕ್ಯಾಮೆರಾ ಅವನ ಎಡಕ್ಕೆ. ನಳಿಗೆಯ ಬುಡದಲ್ಲಿ ಮಚ್ಚೆಯಂಥ ಚುಕ್ಕೆಗಳು. ದೊಡ್ಡದು ಮಾಡಿದಾಗ ಒಂದು ನಕ್ಷತ್ರ, ಕೆಳಗೆ 'ಪಿಎನ್', ಪಕ್ಕದಲ್ಲಿ ಪುಟ್ಟ ಚೌಕದೊಳಗೆ 'ಎಸಿ'. ಇದು ಇಟಲಿಯ ಪರೀಕ್ಷಾ ಮುದ್ರೆ. ಪಿಎನ್ ಅಂದರೆ ಕಪ್ಪು ಮದ್ದಿಗೆ ಪರೀಕ್ಷಿಸಿದ್ದು. ಚೌಕದೊಳಗಿನ ಅಕ್ಷರ ವರ್ಷದ ಗುರುತು, ಎಸಿ ಅಂದರೆ 1977. ಇಟಲಿಯ ಗಾರ್ದೋನೆ ವಾಲ್ ಟ್ರೋಂಪಿಯಾದ ಸುತ್ತ ಇಂಥ ಹಳೆಯ ಮಾದರಿಯ ಕೋವಿಗಳನ್ನು ಹೊಸದಾಗಿ ಮಾಡುವ ಕಾರ್ಖಾನೆಗಳಿವೆ. ಜಪಾನಿನ ಮಿರೋಕು ಕೂಡ ಒಂದು ಕಾಲಕ್ಕೆ ಬ್ರೌನ್ ಬೆಸ್, ಶಾರ್ಲ್‌ವಿಲ್ ಎರಡನ್ನೂ ಮಾಡುತ್ತಿತ್ತು. 1777ರ ಕಥೆಯ ನಾಯಕನ ಕೈಲಿ 1977ರ ಕೋವಿ. ಅಸಲಿ ಯಾಕಿಲ್ಲ ಅಂದರೆ, ಇನ್ನೂರು ವರ್ಷದ ಮರ, ಕಬ್ಬಿಣವನ್ನು ಕೆಸರಲ್ಲಿ ಬೀಳಿಸಿ ಮತ್ತೆ ಮತ್ತೆ ಹಾರಿಸಲು ಯಾರೂ ಕೊಡುವುದಿಲ್ಲ.

ಅಮೆರಿಕದ ಅಂತರ್ಯುದ್ಧದ, ಅಂದರೆ 1861ರಿಂದ 65ರ ಸಿನಿಮಾ ಹಿಡಿದು ಕೂತವರಿಗೆ ಒಂದು ಮಾತು. ಅಲ್ಲಿ ನನ್ನ ಬಳೆಯ ಉಪಾಯ ನಡೆಯುವುದಿಲ್ಲ. ಸ್ಪ್ರಿಂಗ್‌ಫೀಲ್ಡ್ 1861ಕ್ಕೂ ಮೂರು ಬಳೆ, ಬ್ರಿಟನ್ನಿನ ಎನ್‌ಫೀಲ್ಡ್ 1853ಕ್ಕೂ ಮೂರು. ಎರಡೂ ಕೇಪಿನವೇ. ಹಾರಿಸಲು ಬೆರಳಿನಿಂದ ಎಳೆಯುವ ಕೊಕ್ಕೆಯ ಸುತ್ತಲಿನ ಕಂಬಿ ನೋಡಿ: ಎನ್‌ಫೀಲ್ಡಿನದು ಹಿತ್ತಾಳೆ, ಸ್ಪ್ರಿಂಗ್‌ಫೀಲ್ಡಿನದು ಕಬ್ಬಿಣ. ಲಾಕ್ ಮೇಲೆ ಹದ್ದು ಕಂಡರೆ ಅಮೆರಿಕದ್ದು, ಕಿರೀಟ ಕಂಡರೆ ಬ್ರಿಟಿಷರದು. ಬಣ್ಣ ನಂಬಬೇಡಿ ಅಂತ ಆಗಲೇ ಹೇಳಿದವನೇ ಈಗ ಹಿತ್ತಾಳೆ ನೋಡಿ ಅನ್ನುತ್ತಿದ್ದೇನೆ. ಏನು ಮಾಡುವುದು, ಹಗಲಿನ ಶಾಟ್ ಹುಡುಕಿಕೊಳ್ಳಿ.

ಕಳೆದ ವಾರ ಗೆಳೆಯ ಬಂದಿದ್ದ. ಅದೇ ದೃಶ್ಯ ಹಾಕಿದೆವು. "ಸರಿ, ಈಗ ಹೇಳು, ಆ ಕೋವಿ ಯಾವುದು?" ಅಂದ.

"ಯಾವ ಶಾಟ್‌ನಲ್ಲಿ?" ಅಂದೆ.

ಒಂಬತ್ತು ಹಾಳೆಯ ಪಟ್ಟಿ ಮುಂದಿಟ್ಟೆ. ಅವನು ಒಂದೊಂದೇ ಸಾಲು ಓದಿ, ಪರದೆ ನೋಡಿ, ತಲೆಯಾಡಿಸುತ್ತಾ ಹೋದ. ಆರನೆಯ ಹಾಳೆಯಲ್ಲಿ ನಿಂತ. ಇಪ್ಪತ್ತಮೂರನೆಯ ಶಾಟ್, ಹಿಂದಿನ ಸಾಲಿನಲ್ಲಿ ಎಡದಿಂದ ಏಳನೆಯವನು. ಬಳೆ ಒಂದೇ. ಕೀಲು ಇಲ್ಲ, ಕೊಳವೆ ಕಾಣುವುದಿಲ್ಲ, ಕುದುರೆಯ ಮೇಲೆ ಪಕ್ಕದವನ ಮೊಣಕೈ. ಹಿರಿಯರ ಹಾಳೆಯಲ್ಲಿರುವ ಯಾವುದಕ್ಕೂ ಹೊಂದುವುದಿಲ್ಲ. ಅಲ್ಲಿ ನಾನು ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೆ.

"ಇದು?" ಅಂದ.

ರಿಮೋಟ್ ಕೈಗೆ ತೆಗೆದುಕೊಂಡು ಹಿಂದಕ್ಕೆ ಓಡಿಸಿದೆ. ಮೊಣಕೈ ಸರಿಯುವ ಒಂದು ಫ್ರೇಮ್ ಎಲ್ಲಾದರೂ ಇರಬೇಕು.